ಕಹಿ ಸಿಹಿಯಾದ ಬಗೆ
(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ)



ಸಂತ ಫ್ರಾನ್ಸಿಸರೆಂದರೆ ನಮಗೆ ನೆನಪಾಗುವುದು ಹಕ್ಕಿಗಳು, ತೋಳ, ಕ್ರಿಸ್ಮಸ್ ಗೋದಲಿ. ಆದರೆ 1226ರಲ್ಲಿ ಬರೆಸಿದ ತಮ್ಮ ಮರಣಶಾಸನವನ್ನು ಅವರು ಆರಂಭಿಸಿದ್ದು ಕುಷ್ಠರೋಗಿಗಳಿಂದ. ಮೊದಲು ಅವರನ್ನು ನೋಡುವುದೇ ತಮಗೆ ಕಹಿಯಾಗಿತ್ತು, ದೇವರೇ ತಮ್ಮನ್ನು ಅವರ ನಡುವೆ ಕರೆದೊಯ್ದರು, ಆಮೇಲೆ ಆ ಕಹಿ ಸಿಹಿಯಾಯಿತು ಎನ್ನುತ್ತಾರೆ. ಮಾನಸಾಂತರ ಎಂದರೆ ಅವರ ಪಾಲಿಗೆ ಇದೇ.

ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ನೋಡಿ. ಶತಾಧಿಪತಿಯ ಸೇವಕನನ್ನು ದೂರದಿಂದಲೇ ಗುಣಪಡಿಸಿದ ಯೇಸುಸ್ವಾಮಿ ಈ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾರೆ. ಫಲ? ಊರಾಚೆ ಇದ್ದವನು ಊರೊಳಗೆ ಬಂದ. ಯೇಸುವೇ ಊರಾಚೆ ನಿರ್ಜನ ಸ್ಥಳಗಳಲ್ಲಿ ಉಳಿಯಬೇಕಾಯಿತು. ಕರುಣೆಗೆ ಇಂಥ ಬೆಲೆಯಿದೆ.

ಯಶವಂತಪುರದಿಂದ ಹೊರವರ್ತುಲ ರಸ್ತೆಯಲ್ಲಿ ಮಾಗಡಿ ರಸ್ತೆಯ ಕಡೆಗೆ ಹೋಗುವವರಿಗೆ ಸುಮನಹಳ್ಳಿ ಮೇಲ್ಸೇತುವೆ ಗೊತ್ತು, ಅಲ್ಲಿನ ವಾಹನದಟ್ಟಣೆಯಂತೂ ಚೆನ್ನಾಗಿ ಗೊತ್ತು! ಅದರ ಹತ್ತಿರದಲ್ಲೇ, 1970ರ ದಶಕದ ಕೊನೆಯಲ್ಲಿ, ಸರ್ಕಾರ ಕೊಟ್ಟ ಜಾಗದಲ್ಲಿ ನಮ್ಮ ಮಹಾಧರ್ಮಕ್ಷೇತ್ರವು ಕುಷ್ಠರೋಗಿಗಳ ಪುನರ್ವಸತಿ ಕೇಂದ್ರವನ್ನು ಆರಂಭಿಸಿತು. ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದವರಿಗೆ ಚಿಕಿತ್ಸೆ, ಕಸುಬು, ಮನೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಸರು ಹಿಡಿದು ಕರೆಯುವ ಜನ ಸಿಕ್ಕರು. ನಮ್ಮಲ್ಲಿ ಎಷ್ಟು ಮಂದಿ ಒಳಗೆ ಹೋಗಿ ನೋಡಿದ್ದೇವೆ?

"ಅದೆಲ್ಲಾ ಹಳೇ ಕಾಲದ ರೋಗ, ಫಾದರ್" ಎನ್ನಬಹುದು. ಅಲ್ಲ. 2005ರಲ್ಲಿ ನಮ್ಮ ದೇಶವು ರೋಗದ ಪ್ರಮಾಣವನ್ನು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಸಿತು, ನಿಜ. ಹೊಸ ರೋಗಿಗಳು ಇಂದಿಗೂ ಇದ್ದಾರೆ. ಔಷಧಿ ಉಚಿತ, ಆರು ತಿಂಗಳು ಅಥವಾ ಒಂದು ವರ್ಷ ತೆಗೆದುಕೊಂಡರೆ ಗುಣವಾಗುತ್ತದೆ. ಕೈಕುಲುಕಿದರೆ, ಪಕ್ಕದಲ್ಲಿ ಕುಳಿತರೆ ಅಂಟುವುದಿಲ್ಲ. ಗುಣವಾಗದೆ ಉಳಿದಿರುವುದು ನಮ್ಮ ಅಂಜಿಕೆ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾನೂನಿನಿಂದ ಕುಷ್ಠರೋಗ ಎಂಬ ಕಾರಣವನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ! ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಎಂದು ಪೀಠದ ಮುಂದೆ ಮಾತು ಕೊಡುವವರು ನಾವು.

ಇಂದು ಧ್ಯಾನಕೂಟಗಳಿಗೆ ಕೊರತೆಯಿಲ್ಲ. ಮೊಬೈಲಿನಲ್ಲೇ ಜಪಮಾಲೆ, ಬೆಳಗಿನ ವಾಕ್ಯ, ಪ್ರಬೋಧನೆ. ಒಳ್ಳೆಯದೇ, ನಾನೂ ಕೇಳುತ್ತೇನೆ. ಆದರೆ ಅವುಗಳಲ್ಲಿ ನಮಗೆ ಬೇಡವಾದುದನ್ನು ಬೆರಳಿನಿಂದ ಸರಿಸಿಬಿಡಬಹುದು. ಫ್ರಾನ್ಸಿಸರ ಮುಂದೆ ನಿಂತ ಮನುಷ್ಯನನ್ನು ಹಾಗೆ ಸರಿಸಲಾಗುತ್ತಿರಲಿಲ್ಲ.

ಹೆಬ್ಬಾಳ, ಯಲಹಂಕದ ಮನೆಗಳಿಗೆ ಕೆಲಸಕ್ಕೆ ಬರುವ ತಾಯಂದಿರು, ಕಟ್ಟಡ ಕಟ್ಟುವ ವಲಸೆ ಕಾರ್ಮಿಕರು ಇದ್ದಾರಲ್ಲ, ಅವರಲ್ಲಿ ಒಬ್ಬರ ತೋಳಿನ ಮೇಲೆ ಸ್ಪರ್ಶ ತಿಳಿಯದ ಬಿಳಿಚಿದ ಮಚ್ಚೆ ಕಂಡಿತೆನ್ನಿ. ಕೆಲಸ ಹೋದೀತೆಂದು ಅವರು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಿಟ್ಟಷ್ಟೂ ನರಗಳು ಹಾಳಾಗಿ ಬೆರಳುಗಳು ಮಡಚಿಕೊಳ್ಳುತ್ತವೆ. ಅವರನ್ನು ಬಿಡಿಸಬೇಡಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ನೀವೇ ಜೊತೆಯಲ್ಲಿ ಹೋಗಿ. ಆ ದಿನದ ಸಂಬಳವನ್ನೂ ಕೊಡಿ. ಮರುದಿನ ಅವರು ಬಂದಾಗ, ಎಂದಿನ ಲೋಟದಲ್ಲೇ ಕಾಫಿ ಕೊಡಿ.