ಸಾಕ್ಷಿ ಹೇಳುವವರು, ಸಾಕ್ಷಿ ಕೇಳುವವರು

(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ಶೈಕ್ಷಣಿಕ ಸಂಘದ ಸಭೆಯಲ್ಲಿ ಸಿನಿಮಾದ ಬಗ್ಗೆ ಮಾತನಾಡುವುದೇ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ನಾನು ಹೇಳಹೊರಟಿರುವುದು ಹಾಡು, ಹೊಡೆದಾಟಗಳ ಮನರಂಜನೆಯ ಸಿನಿಮಾ ಅಲ್ಲ. ಅದು ಒಂದು ವಿಚಾರಣೆಯ ಕಥೆ. ಒಬ್ಬರ ಬಗ್ಗೆ ನಾಲ್ಕು ಜನ ನಾಲ್ಕು ರೀತಿ ಹೇಳಿದಾಗ ಸತ್ಯವನ್ನು ಕಂಡುಹಿಡಿಯುವುದು ಹೇಗೆ ಎಂಬ ಪ್ರಶ್ನೆ ಅದರಲ್ಲಿದೆ. ಈ ಪ್ರಶ್ನೆ ನ್ಯಾಯಾಲಯಕ್ಕೆ ಮಾತ್ರ ಸೇರಿದ್ದಲ್ಲ. ಮನೆ, ಮೊಹಲ್ಲಾ, ತರಗತಿ ಎಲ್ಲ ಕಡೆಯೂ ಇದೆ.

ಮೊದಲು ಒಂದು ಪದದ ವಿಚಾರ. ಉರ್ದುವಿನಲ್ಲಿ ಸಾಕ್ಷಿಗೆ ಗವಾಹಿ ಎನ್ನುತ್ತೇವೆ, ಶಹಾದತ್ ಎಂದೂ ಎನ್ನುತ್ತೇವೆ. ಶಾಹಿದ್ ಎಂದರೆ ಸಾಕ್ಷಿದಾರ, ಶಹೀದ್ ಎಂದರೆ ಹುತಾತ್ಮ. ಎರಡೂ ಒಂದೇ ಅರಬ್ಬಿ ಮೂಲದಿಂದ ಬಂದ ಪದಗಳು. ಶಹಾದತ್ ಎಂಬ ಒಂದೇ ಮಾತು ಸಾಕ್ಷ್ಯವನ್ನೂ ಹೇಳುತ್ತದೆ, ಪ್ರಾಣತ್ಯಾಗವನ್ನೂ ಹೇಳುತ್ತದೆ. ನಾನು ಹೇಳುವ ಚಿತ್ರ ಈ ಎರಡು ಅರ್ಥಗಳ ನಡುವೆಯೇ ನಡೆಯುತ್ತದೆ. ಪ್ರಾಣ ಕೊಟ್ಟವಳು ಮಾತನಾಡಲಾರಳು, ಮಾತನಾಡಬೇಕಾದವರು ಬದುಕಿ ಬಂದವರು.

ಚಿತ್ರದ ಹೆಸರು 'ಕರೇಜ್ ಅಂಡರ್ ಫೈರ್'. ಎಡ್ವರ್ಡ್ ಝ್ವಿಕ್ ನಿರ್ದೇಶಿಸಿ 1996ರಲ್ಲಿ ತೆರೆಕಂಡ ಅಮೆರಿಕದ ಚಿತ್ರ. ಕಥೆಯ ಹಿನ್ನೆಲೆ 1991ರ ಕೊಲ್ಲಿ ಯುದ್ಧ. ಕಥೆಯ ಗುಟ್ಟನ್ನು ಬಿಚ್ಚದೆ ನನ್ನ ಮಾತು ಸಾಗದು, ಆದ್ದರಿಂದ ಮುಂದೆ ನೋಡಬೇಕೆಂದಿರುವವರು ಕ್ಷಮಿಸಬೇಕು.

ಲೆಫ್ಟಿನೆಂಟ್ ಕರ್ನಲ್ ಸರ್ಲಿಂಗ್ ಒಬ್ಬ ಟ್ಯಾಂಕ್ ಪಡೆಯ ಅಧಿಕಾರಿ. ಈ ಪಾತ್ರವನ್ನು ಡೆನ್ಜೆಲ್ ವಾಷಿಂಗ್ಟನ್ ನಿರ್ವಹಿಸಿದ್ದಾರೆ. ರಾತ್ರಿಯ ಕಾಳಗದಲ್ಲಿ ಶತ್ರುವಿನ ಟ್ಯಾಂಕ್ ಎಂದು ಭಾವಿಸಿ ಗುಂಡು ಹಾರಿಸಲು ಆತ ಆಜ್ಞೆ ಕೊಡುತ್ತಾನೆ. ನಾಶವಾದದ್ದು ತನ್ನದೇ ಪಡೆಯ ಟ್ಯಾಂಕ್, ಸತ್ತವನು ತನ್ನದೇ ಗೆಳೆಯ. ಇದು ಕೇವಲ ಕಲ್ಪನೆಯಲ್ಲ. ಆ ಯುದ್ಧದಲ್ಲಿ ಅಮೆರಿಕದ 35 ಸೈನಿಕರು ತಮ್ಮವರದೇ ಗುಂಡಿಗೆ ಬಲಿಯಾದರು. ಚಿತ್ರದಲ್ಲಿ ಸೇನೆ ಈ ಸಂಗತಿಯನ್ನು ಮುಚ್ಚಿಟ್ಟು, ಸರ್ಲಿಂಗ್‌ನನ್ನು ಪದಕಗಳ ಶಿಫಾರಸು ನೋಡುವ ಕಚೇರಿಯಲ್ಲಿ ಕೂರಿಸುತ್ತದೆ. ಗೆಳೆಯನ ತಂದೆತಾಯಿಗೂ ನಿಜ ತಿಳಿದಿಲ್ಲ.

ಅಲ್ಲಿ ಅವನ ಮೇಜಿಗೆ ಒಂದು ಕಡತ ಬರುತ್ತದೆ. ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರಿನ ನಾಯಕಿ ಕ್ಯಾಪ್ಟನ್ ಕ್ಯಾರನ್ ವಾಲ್ಡನ್ (ಮೆಗ್ ರಯಾನ್) ಯುದ್ಧದಲ್ಲಿ ಮಡಿದಿದ್ದಾಳೆ. ಆಕೆಗೆ ಮೆಡಲ್ ಆಫ್ ಆನರ್ ಕೊಡಬೇಕೆಂಬ ಶಿಫಾರಸು. ನಮ್ಮಲ್ಲಿ ಪರಮವೀರ ಚಕ್ರ ಹೇಗೋ ಅಲ್ಲಿ ಅದು ಹಾಗೆ. ನಿಜ ಇತಿಹಾಸದಲ್ಲಿ ಈ ಪದಕ ಪಡೆದ ಮಹಿಳೆ ಒಬ್ಬರೇ, ಅಂತರ್ಯುದ್ಧ ಕಾಲದ ವೈದ್ಯೆ ಮೇರಿ ವಾಕರ್. 1865ರಲ್ಲಿ ಕೊಟ್ಟ ಪದಕವನ್ನು 1917ರಲ್ಲಿ ರದ್ದು ಮಾಡಿ, 1977ರಲ್ಲಿ ಮತ್ತೆ ಮಾನ್ಯ ಮಾಡಿದರು. ಹೀಗಿರುವಾಗ ಚಿತ್ರದ ರಾಜಕಾರಣಿಗಳಿಗೆ ವಾಲ್ಡನ್ ಒಂದು ಒಳ್ಳೆಯ ಸುದ್ದಿ. ಬೇಗ ವರದಿ ಕೊಡು ಎಂದು ಮೇಲಿನಿಂದ ಒತ್ತಡ. ಸರ್ಲಿಂಗ್ ಮಾತ್ರ ನಿಧಾನವಾಗಿ ಒಬ್ಬೊಬ್ಬರನ್ನೇ ಕೇಳಲು ಹೊರಡುತ್ತಾನೆ.

ನಡೆದದ್ದರಲ್ಲಿ ತಕರಾರಿಲ್ಲದ ಭಾಗ ಇಷ್ಟು. ನೆಲಕ್ಕುರುಳಿದ ಇನ್ನೊಂದು ಹೆಲಿಕಾಪ್ಟರಿನ ಸೈನಿಕರನ್ನು ಉಳಿಸಲು ವಾಲ್ಡನ್ ತಂಡ ಹೋಯಿತು. ಅವರನ್ನು ಬೆದರಿಸುತ್ತಿದ್ದ ಟ್ಯಾಂಕಿನ ಮೇಲೆ ಇಂಧನದ ಚೀಲ ಬೀಳಿಸಿ ಬೆಂಕಿ ಹಚ್ಚಿತು. ಆಮೇಲೆ ಇವರ ಹೆಲಿಕಾಪ್ಟರೂ ಉರುಳಿತು. ಒಂದು ರಾತ್ರಿ ಎರಡೂ ಗುಂಪಿನವರು ದೂರ ದೂರದಲ್ಲಿ ಕಳೆದರು. ಬೆಳಿಗ್ಗೆ ರಕ್ಷಣಾ ಪಡೆ ಬಂತು. ವಾಲ್ಡನ್ ಒಬ್ಬಳು ಹಿಂದಿರುಗಲಿಲ್ಲ.

ಆ ರಾತ್ರಿ ಏನಾಯಿತು? ಸಹ ಪೈಲಟ್ ರೇಡಿ ಗಾಯಗೊಂಡು ಪ್ರಜ್ಞೆ ತಪ್ಪಿದ್ದ, ಅವನಿಗೆ ಏನೂ ತಿಳಿಯದು. ವೈದ್ಯಕೀಯ ಸಹಾಯಕ ಇಲಾರಿಯೊ (ಮ್ಯಾಟ್ ಡೇಮನ್), ಆಕೆ ಧೈರ್ಯವಂತೆ, ಎಲ್ಲರಿಗೂ ಆಸರೆಯಾಗಿದ್ದಳು ಎನ್ನುತ್ತಾನೆ. ಸಾರ್ಜೆಂಟ್ ಮಾನ್‌ಫ್ರೀಜ್ (ಲೂ ಡೈಮಂಡ್ ಫಿಲಿಪ್ಸ್), ಆಕೆ ಹೇಡಿ, ಶರಣಾಗಲು ಹೊರಟಿದ್ದಳು ಎನ್ನುತ್ತಾನೆ. ಆಲ್ಟಮೈಯರ್ ಎಂಬ ನಾಲ್ಕನೆಯವನು ಆಸ್ಪತ್ರೆಯಲ್ಲಿ ಸಾವಿನ ಹಾಸಿಗೆಯಲ್ಲಿದ್ದಾನೆ. ಅವನು ಸರಿಯಾಗಿ ಮಾತನಾಡಲಾರ, ನೋವಿಗೆ ಮಾರ್ಫಿನ್ ಏರಿಸಿಕೊಂಡು ಕಣ್ಣು ಮುಚ್ಚುತ್ತಾನೆ. ಒಂದೇ ರಾತ್ರಿ, ಒಂದೇ ಜಾಗ, ಒಬ್ಬಳೇ ಹೆಣ್ಣುಮಗಳು. ಒಂದು ಕಡೆ ವೀರಳು, ಇನ್ನೊಂದು ಕಡೆ ಹೇಡಿ.

ಇಲ್ಲಿ ಸರ್ಲಿಂಗ್ ಮಾಡಿದ್ದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅವನು ಯಾರ ಮುಖ ನೋಡಿಯೂ ತೀರ್ಪು ಕೊಡುವುದಿಲ್ಲ. ಒಂದು ಸಣ್ಣ ವಿವರವನ್ನು ಹಿಡಿಯುತ್ತಾನೆ. ಬೆಳಿಗ್ಗೆ ರಕ್ಷಣೆಯ ಸಮಯದಲ್ಲಿ ಎಂ-16 ಬಂದೂಕಿನ ಸದ್ದು ಕೇಳಿತು ಎಂದು ಇನ್ನೊಂದು ಗುಂಪಿನ ಸೈನಿಕರು ಹೇಳಿದ್ದಾರೆ. ಅದರ ಗುಂಡು ಆಗಲೇ ಮುಗಿದಿತ್ತು ಎಂಬುದು ವಾಲ್ಡನ್ ತಂಡದವರ ಮಾತು. ಹಾಗಾದರೆ ಹಾರಿಸಿದವರು ಯಾರು? ಹೊಗಳಿದವನೂ ತೆಗಳಿದವನೂ ಇದೊಂದನ್ನು ಮಾತ್ರ ಸೇರಿ ಮುಚ್ಚಿಡುತ್ತಿದ್ದರು.

ಕೊನೆಗೆ ಇಲಾರಿಯೊ ಬಾಯಿ ಬಿಡುತ್ತಾನೆ. ಗಾಯಗೊಂಡ ರೇಡಿಯನ್ನು ಬಿಟ್ಟು ಓಡಿಹೋಗೋಣ ಎಂದವನು ಮಾನ್‌ಫ್ರೀಜ್. ಬಿಟ್ಟು ಬರಲಾರೆ ಎಂದವಳು ವಾಲ್ಡನ್. ಜಗಳ ಬಂದೂಕಿನವರೆಗೆ ಹೋಯಿತು. ಮಾನ್‌ಫ್ರೀಜ್‌ನ ಹಿಂದೆ ಕಾಣಿಸಿಕೊಂಡ ಶತ್ರುವಿಗೆ ಆಕೆ ಗುಂಡು ಹಾರಿಸಿದಳು. ತನ್ನ ಮೇಲೆಯೇ ಹಾರಿಸಿದಳೆಂದು ಎಣಿಸಿ ಅವನು ಆಕೆಯ ಹೊಟ್ಟೆಗೆ ಗುಂಡಿಟ್ಟ. ಆ ಗಾಯದಲ್ಲೇ ಆಕೆ ಬೆಳಗಿನವರೆಗೆ ಹೋರಾಡಿದಳು. ರಕ್ಷಣಾ ಪಡೆ ಬಂದಾಗ, ರೇಡಿಯನ್ನು ಹೊತ್ತು ನಡೆಯಿರಿ, ನಾನು ಹಿಂದಿನಿಂದ ಕಾಯುತ್ತೇನೆ ಎಂದಳು. ಆ ಎಂ-16 ಸದ್ದು ಅವಳದು. ವಿಚಾರಣೆಗೆ ಹೆದರಿದ ಮಾನ್‌ಫ್ರೀಜ್, ಆಕೆ ಸತ್ತಿದ್ದಾಳೆ ಎಂದು ರಕ್ಷಕರಿಗೆ ಹೇಳಿದ. ಇಲಾರಿಯೊ ಸುಮ್ಮನಿದ್ದ. ವಿಮಾನಗಳು ಆ ಜಾಗದ ಮೇಲೆ ಬೆಂಕಿ ಸುರಿದವು.

ಮಿತ್ರರೇ, ಮಾನ್‌ಫ್ರೀಜ್ ಹೇಳಿದ್ದು ಎರಡು ಪದದ ಸುಳ್ಳು. ಇಲಾರಿಯೊ ಒಂದು ಪದವನ್ನೂ ಹೇಳಲಿಲ್ಲ. ಎರಡೂ ಸೇರಿ ಬದುಕಿದ್ದ ಒಬ್ಬಳನ್ನು ಕೊಂದವು. ಇಲಾರಿಯೊ ಮೊದಲು ಹೇಳಿದ ಹೊಗಳಿಕೆಯೂ ನಿಜವೇ, ಆದರೆ ಅದು ಅರ್ಧ ನಿಜ. ಮುಖ್ಯವಾದದ್ದನ್ನು ಬಿಟ್ಟು ಹೇಳಿದ ಸತ್ಯ ಸುಳ್ಳಿನ ಕೆಲಸವನ್ನೇ ಮಾಡುತ್ತದೆ.

ಸತ್ಯ ಹೊರಬಂದ ಮೇಲೆ ಪದಕ ವಾಲ್ಡನ್‌ಳ ಪುಟ್ಟ ಮಗಳ ಕೈ ಸೇರುತ್ತದೆ. ಆ ಮಗುವಿಗೆ ತಾಯಿ ಹೇಡಿಯಲ್ಲ ಎಂಬ ಮಾತು ಉಳಿಯುತ್ತದೆ. ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಬೇರೆಯವರಿಂದ ಸತ್ಯ ಕೇಳಿದ ಸರ್ಲಿಂಗ್ ತನ್ನ ಸತ್ಯವನ್ನು ಎಷ್ಟು ದಿನ ಬಚ್ಚಿಡಲು ಸಾಧ್ಯ? ಅವನು ಗೆಳೆಯನ ತಂದೆತಾಯಿಯ ಮುಂದೆ ನಿಂತು, ನಿಮ್ಮ ಮಗ ಸತ್ತದ್ದು ನನ್ನ ಆಜ್ಞೆಯಿಂದ ಎಂದು ಹೇಳುತ್ತಾನೆ. ಸಾಕ್ಷಿ ಕೇಳುವವನಿಗೂ ಸಾಕ್ಷಿ ಹೇಳುವ ಸರದಿ ಬರುತ್ತದೆ.

ಈಗ ಇಂಥದೇ ಇನ್ನೊಂದು ಚಿತ್ರದ ಮಾತು. 2003ರಲ್ಲಿ ಬಂದ 'ಬೇಸಿಕ್', ನಿರ್ದೇಶಕ ಜಾನ್ ಮೆಕ್‌ಟೀರ್ನನ್. ಪನಾಮಾದ ಕಾಡಿನಲ್ಲಿ ಚಂಡಮಾರುತದ ನಡುವೆ ತರಬೇತಿಗೆ ಹೋದ ಸೈನಿಕರು ಕಾಣೆಯಾಗುತ್ತಾರೆ. ಬದುಕಿ ಬಂದ ಇಬ್ಬರು ಬೇರೆ ಬೇರೆ ಕಥೆ ಹೇಳುತ್ತಾರೆ. ಜಾನ್ ಟ್ರವೋಲ್ಟಾ ವಿಚಾರಣೆ ಮಾಡುವವನು. ಹತ್ತು ನಿಮಿಷಕ್ಕೊಮ್ಮೆ ಕಥೆ ತಿರುವು ಪಡೆಯುತ್ತದೆ. ಸತ್ತವನು ಸತ್ತಿಲ್ಲ, ಹೆಸರು ಹೇಳಿದವನು ಆ ಹೆಸರಿನವನಲ್ಲ, ಕೊನೆಗೆ ವಿಚಾರಣೆ ಮಾಡಿದವನೇ ನಾಟಕದ ಪಾಲುದಾರ! ನೋಡುವಾಗ ಕುತೂಹಲ ನಿಜ. ಮುಗಿದ ಮೇಲೆ, ಇಷ್ಟು ಹೊತ್ತು ನಾವು ಕಿವಿಗೊಟ್ಟು ತೂಗಿ ನೋಡಿದ್ದೆಲ್ಲ ವ್ಯರ್ಥ ಎನಿಸುತ್ತದೆ. ಒಂದು ಚಿತ್ರದಲ್ಲಿ ತಿರುವು ನಮ್ಮನ್ನು ಸತ್ಯದ ಹತ್ತಿರ ಒಯ್ಯುತ್ತದೆ, ಇನ್ನೊಂದರಲ್ಲಿ ತಿರುವು ತಿರುವಿಗಾಗಿಯೇ ಇದೆ.

ಇಂಥ ಕಥೆಗಳಿಗೆಲ್ಲ ಹಿರಿಯಣ್ಣ ಜಪಾನಿನ ಅಕಿರಾ ಕುರೊಸಾವಾ ಅವರ 'ರಶೋಮನ್' (1950). ಕನ್ನಡದಲ್ಲೂ ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' (2014) ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ತೋರಿಸಿತು. ರಶೋಮನ್ ನೋಡಿದ ಕೆಲವರು, ಅವರವರ ಸತ್ಯ ಅವರವರಿಗೆ, ನಿಜವೆಂಬುದೇ ಇಲ್ಲ ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅಲ್ಲಿ ಕಟ್ಟಿಗೆ ಕಡಿಯುವವನು ಪೂರ್ತಿ ಸಾಕ್ಷಿ ಹೇಳದಿದ್ದುದಕ್ಕೆ ಕಾರಣವಿದೆ, ಬೆಲೆಬಾಳುವ ಒಂದು ಕಠಾರಿ ಅವನ ಕೈ ಸೇರಿರುತ್ತದೆ. ಸತ್ಯ ಇಲ್ಲವೆಂದಲ್ಲ, ಅದನ್ನು ಹೇಳಿದರೆ ಏನಾದರೂ ಕಳೆದುಕೊಳ್ಳಬೇಕಾಗುತ್ತದೆ.

ಮೆಚ್ಚಿದ ಚಿತ್ರದಲ್ಲೂ ಒಂದು ಕೊರತೆ ಹೇಳಲೇಬೇಕು. 'ಕರೇಜ್ ಅಂಡರ್ ಫೈರ್' ಇಷ್ಟೊಂದು ಸಾಕ್ಷಿಗಳನ್ನು ಕೇಳುತ್ತದೆ, ಒಬ್ಬ ಇರಾಕಿಯನ್ನೂ ಕೇಳುವುದಿಲ್ಲ. ಅವರು ಕತ್ತಲಲ್ಲಿ ಓಡಾಡುವ ನೆರಳುಗಳು ಮಾತ್ರ. ಆ ನೆಲ ಅವರದು, ಅಲ್ಲಿ ಸತ್ತವರಿಗೂ ಮಕ್ಕಳಿದ್ದರು. ಒಂದು ಕಥೆ ಯಾರನ್ನು ಕೇಳಿತು ಎಂದು ನೋಡುವಾಗ ಯಾರನ್ನು ಕೇಳಲಿಲ್ಲ ಎಂದೂ ನೋಡಬೇಕು.

ಮಕ್ಕಳೇ, ಇದರಿಂದ ನಮಗೇನು? ತರಗತಿಯಲ್ಲಿ ಒಂದು ಜಾಮಿಟ್ರಿ ಬಾಕ್ಸ್ ಕಳೆಯುತ್ತದೆ ಎನ್ನಿ. ಎಲ್ಲರ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ? ಹರಿದ ಚೀಲ ತಂದವನ ಮೇಲೆ. ಒಬ್ಬ ಹೆಸರು ಹೇಳಿದರೆ ಸಾಕು, ನೋಡದ ಹತ್ತು ಜನ ನೋಡಿದ್ದೇವೆ ಎನ್ನುತ್ತಾರೆ. ಬಾಕ್ಸ್ ಮನೆಯಲ್ಲೇ ಸಿಕ್ಕಿದರೂ ಕಳ್ಳನೆಂಬ ಹೆಸರು ಆ ಹುಡುಗನನ್ನು ಬಿಡುವುದಿಲ್ಲ. ಶಾಲೆ ಬಿಡುವವನೂ ಅವನೇ. ಇನ್ನು ಒಬ್ಬ ಹೆಣ್ಣುಮಗಳ ಬಗ್ಗೆ ಮೊಬೈಲಿನಲ್ಲಿ ಬಂದ ನಾಲ್ಕು ಸಾಲನ್ನು ಮುಂದಕ್ಕೆ ಕಳಿಸುವವನು ತಾನು ಸಾಕ್ಷಿ ಹೇಳುತ್ತಿದ್ದೇನೆ ಎಂದು ಯೋಚಿಸುತ್ತಾನೆಯೇ? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಕಾಣದೆ ಹೇಳುವವರಿಗೆ ಏನೆನ್ನೋಣ?

ಆದ್ದರಿಂದ ಯಾರ ಬಗ್ಗೆಯಾದರೂ ಮಾತು ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹೇಳುವವನು ಎಲ್ಲಿ ನಿಂತು ನೋಡಿದ? ಹೀಗೆ ಹೇಳುವುದರಿಂದ ಅವನಿಗೆ ಲಾಭವೇನು, ಭಯವೇನು? ಯಾವುದನ್ನು ಬಿಟ್ಟು ಹೇಳುತ್ತಿದ್ದಾನೆ? ಯಾರ ಮಾತನ್ನು ಇನ್ನೂ ಕೇಳಿಲ್ಲ? ಉತ್ತರ ಸಿಗುವವರೆಗೆ ತೀರ್ಪನ್ನು ತಡೆಹಿಡಿಯಿರಿ. ಉತ್ತರ ಸಿಕ್ಕಿದ ಮೇಲೆ, ನಿಮಗೆ ಗೊತ್ತಿರುವ ಸತ್ಯವನ್ನು ನುಂಗಿಕೊಳ್ಳಬೇಡಿ. ಯಾರೋ ಒಬ್ಬರು ಎಲ್ಲೋ ನಿಮ್ಮ ಒಂದು ಮಾತಿಗಾಗಿ ಕಾಯುತ್ತಿರಬಹುದು.