ಕುದುರೆ ಮಾಲೀಕರು, ಮೇಲ್ಮನೆ ಮತ್ತು ಮಾನ್ವಿಯ ಓಟು

ರಾಯಚೂರಿನಿಂದ ಮಾತಾಡ್ತಿದ್ದೀನಿ. ಇವತ್ತು ಇಬ್ಬರು ಸಿರಿವಂತರ ಕಥೆ. ಇಬ್ಬರಿಗೂ ಕುದುರೆ ಹುಚ್ಚು, ಇಬ್ಬರೂ ಮೇಲ್ಮನೆ ಸದಸ್ಯರು.

ಮೊದಲನೆಯವರು ಬ್ರಿಟನ್ನಿನ ಲಾರ್ಡ್ ರೋಸ್‌ಬರಿ. 1868ರಲ್ಲಿ ಅಜ್ಜ ತೀರಿಕೊಂಡಾಗ, 20ನೇ ವಯಸ್ಸಿಗೇ ಪಟ್ಟ ಬಂತು. ಜೊತೆಗೆ ಹೌಸ್ ಆಫ್ ಲಾರ್ಡ್ಸ್‌ನ ಸೀಟೂ ಬಂತು. ಆಕ್ಸ್‌ಫರ್ಡ್‌ನಲ್ಲಿ ಓದುವಾಗ ರೇಸ್ ಕುದುರೆ ಕೊಂಡ್ರು. ಕುದುರೆ ಬಿಡು, ಇಲ್ಲಾ ಕಾಲೇಜು ಬಿಡು ಅಂದಾಗ ಕಾಲೇಜನ್ನೇ ಬಿಟ್ರು! 1869ರ ಡರ್ಬಿಯಲ್ಲಿ ಆ ಕುದುರೆ, ಲಾಡಾಸ್, ಕಟ್ಟಕಡೆಗೆ ಬಂತು. ಅದೇ ಹೆಸರಿನ ಇನ್ನೊಂದು ಕುದುರೆ 1894ರಲ್ಲಿ ಡರ್ಬಿ ಗೆದ್ದಾಗ ಅವರು ದೇಶದ ಪ್ರಧಾನಿ. 1895ರಲ್ಲಿ ಅವರದೇ ಸರ್ ವಿಸ್ಟೊ ಗೆದ್ದಿತು. ಕೆಲವೇ ವಾರಗಳಲ್ಲಿ ಸರ್ಕಾರ ಬಿತ್ತು. ಪಾರ್ಲಿಮೆಂಟಿಗೆ ಅವರು ಒಮ್ಮೆಯೂ ಜನರ ಓಟಿನಿಂದ ಹೋದವರಲ್ಲ.

ಎರಡನೆಯವರು ಎಂ.ಎ.ಎಂ. ರಾಮಸ್ವಾಮಿ. ಚೆನ್ನೈನವರು, ಚೆಟ್ಟಿನಾಡು ಅರಸು ಮನೆತನದವರು. ಅಣ್ಣಾಮಲೈ ವಿಶ್ವವಿದ್ಯಾಲಯ ಕಟ್ಟಿದ್ದು ಅವರ ಅಜ್ಜ. ಬೆಂಗಳೂರು, ಚೆನ್ನೈ, ಊಟಿ, ಎಲ್ಲಾ ಕಡೆ ಇವರ ಕುದುರೆ ಓಡಿದ್ವು, ನೂರಾರು ದೊಡ್ಡ ರೇಸು ಗೆದ್ವು. 2004ರಿಂದ 2010ರವರೆಗೆ ರಾಜ್ಯಸಭೆಯಲ್ಲಿದ್ರು. ಯಾವ ರಾಜ್ಯದಿಂದ ಗೊತ್ತೇನ್ರಿ? ನಮ್ಮ ಕರ್ನಾಟಕದಿಂದ, ಜೆಡಿಎಸ್ ಪಕ್ಷದಿಂದ.

ಇದು ಹೆಂಗ್ ಸಾಧ್ಯ ಆಯ್ತು? ಮೊದಲೆಲ್ಲ ಯಾವ ರಾಜ್ಯದಿಂದ ನಿಲ್ತೀರೋ ಆ ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಿತ್ತು. 2003ರ ತಿದ್ದುಪಡಿ ಈ ನಿಯಮ ತೆಗೆದುಹಾಕಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದ್ರೆ ಕಾನೂನು ಪ್ರಕಾರ ಎಲ್ಲಾ ಸರಿ. ಕುದುರೆ ಸಾಕೋದೂ ತಪ್ಪಲ್ಲ ಬಿಡ್ರಿ.

ಆದ್ರೆ ಲೆಕ್ಕ ನೋಡ್ರಿ. ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ ಇರೋದೇ 12 ಸೀಟು. ಅದಕ್ಕೆ ಓಟು ಹಾಕೋರು ಶಾಸಕರು. ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ನಾವು ಆರಿಸಿ ಕಳಿಸಿದವರೂ ಅದರಲ್ಲಿದ್ದಾರೆ. ರೋಸ್‌ಬರಿಗೆ ಸೀಟು ಕೊಟ್ಟಿದ್ದು ಹುಟ್ಟು. ಇಲ್ಲಿ ಸೀಟು ಕೊಡೋದು ನಮ್ಮ ಓಟು, ಶಾಸಕರ ಕೈಯಿಂದ ಹಾದುಹೋಗಿ. ಅದೇ ತಿದ್ದುಪಡಿಯಿಂದ ಈ ಮತದಾನ ಬಹಿರಂಗ ಆಯ್ತು. ಆದ್ರೆ ಶಾಸಕರು ಮತಪತ್ರ ತೋರಿಸಬೇಕಾಗಿರೋದು ಪಕ್ಷದ ಏಜೆಂಟ್‌ಗೆ, ನಮಗಲ್ಲ.

ತುಂಗಭದ್ರಾ ಕಾಲುವೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂತ ಮಾನ್ವಿ ರೈತ ಕೂಗಿದರೆ, ಅದನ್ನ ದೆಹಲಿಯಲ್ಲಿ ಹೇಳೋಕೆ ಈ ಕಡೆಯ ಮಣ್ಣು ಗೊತ್ತಿರೋರು ಬೇಕಲ್ಲ? ಮುಂದಿನ ರಾಜ್ಯಸಭೆ ಚುನಾವಣೆ ಬಂದಾಗ ನಿಮ್ಮ ಶಾಸಕರಿಗೆ ಒಂದೇ ಮಾತು ಕೇಳ್ರಿ: ಯಾರಿಗೆ ಹಾಕಿದ್ರಿ, ಯಾಕೆ ಹಾಕಿದ್ರಿ? ಸಿಗೋಣ.