ಗುಟ್ಟು ಬಿಡದೆ ಸತ್ಯ ತೋರುವ ಬಗೆ



ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ಮಗುವಿನ ಮನೆಯ ಆದಾಯವನ್ನು ತರಗತಿಯೆದುರೇ ಕೇಳುವುದುಂಟು. ಕಾಸರಗೋಡಿನ ಶಾಲೆಯೊಂದರಲ್ಲಿ ನಾನೂ ಕೇಳಿದ್ದೇನೆ. ಬೇಕಾದುದು ‘ಮಿತಿಯೊಳಗಿದೆ’ ಎಂಬ ಖಾತ್ರಿ, ಮೊತ್ತವಲ್ಲ.

1985ರಲ್ಲಿ ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ನಿರೂಪಿಸಿದ ‘ಶೂನ್ಯಜ್ಞಾನ ಪ್ರಮಾಣ’ದ ಹುರುಳೂ ಇದೇ. ಕೆಂಪು-ಹಸಿರು ಭೇದ ಕಾಣದ ಅಧ್ಯಾಪಕರ ಕೈಯಲ್ಲಿ ಆ ಬಣ್ಣಗಳ ಎರಡು ಸೀಮೆಸುಣ್ಣಗಳಿವೆಯೆನ್ನಿ. ಬೆನ್ನ ಹಿಂದೆ ಅದಲುಬದಲು ಮಾಡಿಯೋ ಮಾಡದೆಯೋ ಅವರು ತೋರಿಸಲಿ. ಬದಲಾಯಿತೇ ಎಂಬುದನ್ನು ಇಪ್ಪತ್ತು ಬಾರಿಯೂ ಬರಿಯ ಊಹೆಯಿಂದ ಸರಿಯಾಗಿ ಹೇಳುವ ಸಂಭವ ಹತ್ತು ಲಕ್ಷಕ್ಕೊಂದಕ್ಕಿಂತ ಕಡಿಮೆ. ವಿದ್ಯಾರ್ಥಿನಿ ಹೇಳಿದಳೆಂದರೆ, ಬಣ್ಣಗಳು ಬೇರೆಯೆಂದು ಅಧ್ಯಾಪಕರು ಒಪ್ಪಲೇಬೇಕು; ಕೆಂಪು ಯಾವುದೆಂದು ಮಾತ್ರ ಅವರಿಗೆ ತಿಳಿಯದು.

ಬ್ಲಾಕ್‌ಚೈನ್ ಎಲ್ಲರೂ ಓದಬಲ್ಲ ಲೆಕ್ಕದ ಪುಸ್ತಕ. ಬಿಟ್‌ಕಾಯಿನ್‌ನಲ್ಲಿ ಯಾವ ವಿಳಾಸದಿಂದ ಎಷ್ಟು ಹೋಯಿತೆಂಬುದು ಬಯಲು. 2016ರಲ್ಲಿ ಬಂದ ಝೀಕ್ಯಾಶ್‌ನಲ್ಲಿ ಕೊಡುವವರು, ಪಡೆಯುವವರು, ಮೊತ್ತ ಮೂರನ್ನೂ ಮರೆಮಾಡಿ, ಹಣ ನಿಜವಾಗಿಯೂ ಇತ್ತು, ಎರಡು ಬಾರಿ ವೆಚ್ಚವಾಗಿಲ್ಲ ಎಂಬುದನ್ನಷ್ಟೇ ಸಾಧಿಸಿ ತೋರಬಹುದು.